ಕನಸಿನೊಳಗೆ ದಡಿ ಎಣಿಸಿದ್ದು

ನಮ್ಮ ಬೆಟಗೇರಿಯ ಮನೆಯಲ್ಲಿ ಹಾಸಿಗೆ ಮಡಚುವುದಕ್ಕೂ ಒಂದು ಕ್ರಮವಿತ್ತು. ಎಲ್ಲಕ್ಕೂ ಕೆಳಗೆ ಅಪ್ಪನ ಜಮಖಾನೆ, ಅದರ ಮೇಲೆ ಅವ್ವನ ಕೌದಿ, ಅದರ ಮೇಲೆ ಗಿರಿಜಕ್ಕನದು, ಎಲ್ಲಕ್ಕೂ ಮೇಲೆ ಆಯಿಯ ಕಂಬಳಿ. ಮೂಲೆಗೆ ಮೂಲೆ ಕೂಡಬೇಕು, ಮಡಿಕೆಯ ಬದಿ ಹೊರಗೆ ಕಾಣಬೇಕು. ನೇಕಾರರ ಮನೆಯಲ್ಲಿ ಬಟ್ಟೆಯನ್ನು ಮುದ್ದೆ ಮಾಡಿ ಒಗೆಯುವುದು ಅನ್ನ ಚೆಲ್ಲಿದಷ್ಟೇ ತಪ್ಪು. ಆ ರಾಶಿಯಲ್ಲಿ ನನ್ನ ಕೌದಿ ಮಾತ್ರ ಇರುತ್ತಿರಲಿಲ್ಲ. ಅದು ಹಿತ್ತಲಿನ ಹಗ್ಗದ ಮೇಲೆ ಇರುತ್ತಿತ್ತು. ನನಗಾಗ ಹತ್ತು ತುಂಬಿತ್ತು, ವಾರದಲ್ಲಿ ನಾಲ್ಕೈದು ದಿನ ಹಾಸಿಗೆ ಒದ್ದೆ ಮಾಡುತ್ತಿದ್ದೆ. ಹಿತ್ತಲಿನ ಗೋಡೆ ಎದೆಯೆತ್ತರದ್ದು. ಆಚೆಮನೆಯ ನೀಲವ್ವ ದಿನವೂ ಆ ಗೋಡೆಗೆ ಮೊಣಕೈ ಊರಿ ಒಂದೇ ಮಾತು ಕೇಳುತ್ತಿದ್ದಳು.

"ಏನಬೇ, ನಿಮ್ಮ ಮನ್ಯಾಗ ಮಂದಿಗಿಂತ ಮದಲ ಕೌದಿ ಜಳಕ ಮಾಡತೈತೇನು?"

ಮನೆಗೆ ರೈಲಿನ ಡಬ್ಬಿಗಳಂತೆ ಒಂದರ ಹಿಂದೆ ಒಂದು ಮೂರು ಕೋಣೆ. ಮೊದಲನೆಯದು ಮಗ್ಗದ್ದು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ಕೂತರೆ ಸೊಂಟದಿಂದ ಮೇಲಿನ ಅಪ್ಪ ಮಾತ್ರ ಕಾಣುತ್ತಿದ್ದ. ನಡುವಿನ ಕೋಣೆಯಲ್ಲಿ ನಾವೆಲ್ಲ ಮಲಗುತ್ತಿದ್ದೆವು. ಮೂರನೆಯದು ಅಡುಗೆಮನೆ, ಅದರಾಚೆ ಹಿತ್ತಲು, ಹಿತ್ತಲಿನ ಮೂಲೆಯಲ್ಲಿ ಬಚ್ಚಲು. ಹಿತ್ತಲ ಬಾಗಿಲಿಗೆ ಅವ್ವ ರಾತ್ರಿ ಕಟ್ಟಿಗೆಯ ಅಗಳಿ ಹಾಕುತ್ತಿದ್ದಳು. ಅದು ನನ್ನ ತೋಳಿನಷ್ಟು ದಪ್ಪ. ಮನೆಯಲ್ಲಿ ಗಡಿಯಾರ ಇರಲಿಲ್ಲ, ಆದರೂ ಯಾವ ಕೆಲಸವೂ ಹೊತ್ತು ತಪ್ಪುತ್ತಿರಲಿಲ್ಲ. ಲಾಳಿಯ ಮೊದಲ ಸದ್ದಿಗೆ ಕಸ, ಲಾಳಿಯೊಳಗಿನ ಎರಡನೇ ಕಂಡಿಕೆಯ ನೂಲು ಮುಗಿಯುವ ಹೊತ್ತಿಗೆ ರೊಟ್ಟಿ, ಬಿಸಿಲು ಹೊಸ್ತಿಲು ದಾಟುವ ಮೊದಲು ಶಾಲೆ. ಇಂಥ ಮನೆಯಲ್ಲಿ ಕ್ರಮಕ್ಕೆ ಸಿಗದೆ ಉಳಿದದ್ದು ನನ್ನ ನಿದ್ದೆ ಒಂದೇ. ಅವ್ವ ಎಲ್ಲ ಮದ್ದು ಮಾಡಿದಳು. ಹೊತ್ತು ಮುಳುಗಿದ ಮೇಲೆ ನನಗೆ ಮಜ್ಜಿಗೆ ಇಲ್ಲ. ಪುಂಡಿಪಲ್ಲೆಯ ರಸ ಇಲ್ಲ. ಮಲಗುವ ಮುಂಚೆ ಎರಡು ಸಲ ಬಚ್ಚಲಿಗೆ ಹೋಗಿಬರಬೇಕು. ಏನು ಮಾಡಿದರೂ ಬೆಳಿಗ್ಗೆ ಕೌದಿ ಹಗ್ಗದ ಮೇಲೆಯೇ.

ಆ ಬೇಸಿಗೆಯಲ್ಲಿ ಲಕ್ಷ್ಮೇಶ್ವರದ ಅತ್ತಿ, ಅಂದರೆ ಅಪ್ಪನ ತಂಗಿ, ಮನೆಗೆ ಬಂದಿದ್ದಳು. ಅಡರಕಟ್ಟಿಯ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತ ಲಕ್ಷ್ಮೇಶ್ವರದಲ್ಲಿ ಒಬ್ಬಳೇ ಮನೆ ಮಾಡಿಕೊಂಡಿದ್ದಳು. ನನ್ನ ಪಾಟಿಯ ಮೇಲಿನ ಲೆಕ್ಕ ನೋಡಿ ಅಪ್ಪನಿಗೆ ಹೇಳಿದಳು:

"ಅಣ್ಣಾ, ಸರೂನ ನನ್ನ ಕಡೆ ಕಳಸು. ಶಾಲಿ ಚಾಲೂ ಆಗೂ ಮುಂಚೆ ಬಂದು ಕರಕೊಂಡು ಹೋಗ್ತೀನಿ. ಓದಾಕ ಚಲೋ ಅದಾಳ. ಇಲ್ಲೇ ಇದ್ದರ ಈ ವರ್ಷ ಕಂಡಿಕಿ ಸುತ್ತಾಕ ಕುಂಡ್ರಸ್ತೀರಿ, ಗಿರಿಜಾನ ಕುಂಡ್ರಿಸಿದಂಗ."

ಅಪ್ಪ ಹೂಂ ಅಂದ. ಅತ್ತಿ ಬಸ್ಸು ಹತ್ತಿದ ಮೇಲೆ ಅವ್ವ ನನ್ನನ್ನು ಒಲೆಯ ಮುಂದೆ ಕೂಡಿಸಿಕೊಂಡಳು.

"ಹಾಸಿಗಿ ತೊಯ್ಸೂ ಹುಡುಗೀನ ಇನ್ನೊಬ್ಬರ ಮನಿಗಿ ಹೆಂಗ ಕಳಸ್ಲಿ? ನಾಳೆ ಆಕಿ ನನ್ನ ಮಾರಿ ಮ್ಯಾಲ ಅಂದ್ರ? ಹದಿನೈದು ದಿನ ಸಾಲಾಗಿ ಕೌದಿ ಒಣಾ ಇರ್ಲಿ. ಆಮ್ಯಾಲ ಹೋಗು."

ಹದಿನೈದು ದಿನ ಎಂದರೆ ನನಗೆ ಹದಿನೈದು ವರ್ಷ ಅಂದಷ್ಟೇ ದೂರ. ಯಾಕೆಂದರೆ ನಾನು ಎಚ್ಚರವಿಲ್ಲದೆ ಒದ್ದೆ ಮಾಡುತ್ತಿದ್ದೆ ಅಂತ ಎಲ್ಲರೂ ತಿಳಿದಿದ್ದರು. ನನ್ನ ಮಟ್ಟಿಗೆ ಅದು ಹಾಗಿರಲಿಲ್ಲ. ನಾನು ಏಳುತ್ತಿದ್ದೆ. ಅಡುಗೆಮನೆ ದಾಟುತ್ತಿದ್ದೆ. ಹಿತ್ತಲಿಗೆ ಹೋಗಿ, ಬಚ್ಚಲಲ್ಲಿ ಕ್ರಮವಾಗಿ ಪರಕಾರ ಎತ್ತಿ ಕೂತು, ನಿರುಮ್ಮಳವಾಗಿ ಮುಗಿಸುತ್ತಿದ್ದೆ. ಬೆಚ್ಚಗಾಗುತ್ತಿತ್ತು. ಆಮೇಲೆ ತಣ್ಣಗಾಗುತ್ತಿತ್ತು. ಆಗ ನಿಜವಾದ ಎಚ್ಚರ. ಅಂದರೆ ನಾನು ಹೇಳಿದ ಮಾತು ಕೇಳುವ, ಶಿಸ್ತಿನ ಹುಡುಗಿಯೇ. ಬಚ್ಚಲು ಮಾತ್ರ ಸುಳ್ಳು. ಇದನ್ನು ಆಯಿಯ ಮುಂದೆ ಅಳುತ್ತ ಹೇಳಿದೆ. ಆಯಿ, ಅಪ್ಪನ ತಾಯಿ, ಕಣ್ಣು ಮಂಜಾಗುವವರೆಗೂ ಮಗ್ಗದ ಮೇಲೆ ಸೀರೆಯ ದಡಿ, ಅಂದರೆ ಗೆರೆಗಳ ಅಂಚು, ನೇಯ್ದವಳು. ಅವಳು ನಗಲಿಲ್ಲ, ಬೈಯಲಿಲ್ಲ. ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು.

"ಹಂಗಾದ್ರ ನಿನಗ ಬ್ಯಾನಿ ಏನಿಲ್ಲ. ಕನಸಿನ ಗುರ್ತ ಇಲ್ಲ, ಅಷ್ಟ."

"ಕನಸು ಅಂತ ಒಳಗ ಇದ್ದಾಗ ಹೆಂಗ ಗೊತ್ತಾಗತೈತಿ ಆಯಿ?"

"ನನಗ ಗೊತ್ತಾಗ್ತಿತ್ತು. ನಾ ಹೊಸದಾಗಿ ಮಗ್ಗಕ್ಕ ಕುಂತಾಗ ಹಗಲೂ ನೇಯೂದು, ರಾತ್ರಿ ಕನಸಿನ್ಯಾಗೂ ನೇಯೂದು. ಮುಂಜಾನೆ ಏಳೂದ್ರಾಗ ಮೈ ಹಣ್ಣ. ಒಂದಿನ ಕನಸಿನ್ಯಾಗ ದಡಿ ಗೆರಿ ಎಣಿಸಿದ್ನಿ, ಐದು. ಲಾಳಿ ಕಡೆ ನೋಡಿ ಮತ್ತ ಎಣಿಸಿದ್ನಿ, ಎಂಟು. ನೇದ ದಡಿ ಹಂಗ ಬದಲಿ ಆಗತೈತೇನು? ಆಗ ತಿಳೀತು, ಇದು ಕನಸು, ಇಲ್ಲಿ ನೇದದ್ದಕ್ಕ ಕೂಲಿ ಕೊಡಾವ್ರು ಯಾರೂ ಇಲ್ಲ ಅಂತ. ಕುಣಿಯಿಂದ ಎದ್ದು ಅಡ್ಡ್ಯಾಡಾಕ ಹೋದ್ನಿ."

"ಎಲ್ಲಿಗೆ?"

"ನಮ್ಮವ್ವನ ಮನಿಗಿ. ಮುಂಡರಗಿಗಿ. ಬಸ್ಸಿಲ್ಲ, ಚಕ್ಕಡಿ ಇಲ್ಲ. ಆಗಿನ ಕಾಲಕ್ಕ ಸೊಸ್ತೇರನ್ನ ಯಾರು ಕಳಸ್ತಿದ್ರು?"

ಅದಕ್ಕೆ ಅವಳು ಗೊತ್ತಿದ್ದ ಕನಸು ಅನ್ನುತ್ತಿದ್ದಳು. ಮರುದಿನದಿಂದ ನನಗೆ ಅದರ ಪಾಠ ಶುರುವಾಯಿತು, ಆಯಿ ಹೇಳಿಕೊಟ್ಟ ಎಲ್ಲದರಂತೆ ಬುಡದಿಂದ. ಮೊದಲ ನಿಯಮ: ಕನಸನ್ನು ಬಾಯಿ ಮುಕ್ಕಳಿಸುವ ಮೊದಲೇ ಹೇಳಬೇಕು. ಮುಕ್ಕಳಿಸಿದರೆ ನೀರಿನ ಜೊತೆ ಹೊರಟುಹೋಗುತ್ತದೆ. ಹಾಗಾಗಿ ಕೌದಿ ಹಗ್ಗಕ್ಕೆ ಹಾಕಿದ ಕೂಡಲೇ ನಾನು ಆಯಿಯ ಮುಂದೆ ಕೂತು ಒಪ್ಪಿಸುತ್ತಿದ್ದೆ. ಏನೂ ನೆನಪಿಲ್ಲ ಅಂದರೆ ಎದ್ದು ಹೋಗುವಂತಿರಲಿಲ್ಲ. ಒಂದು ಬಣ್ಣವೋ ಒಂದು ಸದ್ದೋ ನೆನಪಾಗುವ ತನಕ ಕೂಡಬೇಕು. ಮೊದಲ ವಾರ ಬರೀ ತುಣುಕು. ಎರಡನೇ ವಾರ ಪೂರ್ತಿ ಕನಸು ಕೈಗೆ ಬರತೊಡಗಿತು. ಒಂದು ಬೆಳಿಗ್ಗೆ ಆಯಿ ನನ್ನ ಮಾತನ್ನು ಅರ್ಧಕ್ಕೆ ತಡೆದಳು.

"ಅಗಳಿ ಯಾವಾಗ ತಗದಿ?"

"ತಗೀಲಿಲ್ಲ. ಬಾಗಲಾ ತೆರದ ಇತ್ತು."

"ನಿನ್ನೆ?"

"ನಿನ್ನೇನೂ ತೆರದಿತ್ತು."

"ನಿಮ್ಮವ್ವ ಈ ಮನಿಗಿ ಬಂದ ಮ್ಯಾಲ ಒಂದ ರಾತ್ರೆರ ಆ ಬಾಗಲಾ ತೆರದ ಬಿಟ್ಟಾಳೇನು?"

ಇಷ್ಟು ಸಲ ಆ ಬಾಗಿಲು ದಾಟಿದ್ದೆ, ಒಮ್ಮೆಯೂ ಅದನ್ನು ಕೇಳಿಕೊಂಡಿರಲಿಲ್ಲ. ಅಂದಿನಿಂದ ಎರಡನೇ ನಿಯಮ: ಯಾವ ಹೊಸ್ತಿಲು ದಾಟುವಾಗಲೂ ನಿಂತು ಪರಕಾರದ ದಡಿಯ ಗೆರೆ ಎಣಿಸು, ಬೇರೆ ಕಡೆ ನೋಡು, ಮತ್ತೆ ಎಣಿಸು. ನನ್ನ ಪರಕಾರ ಆಯಿಯ ಹಳೆಯ ಸೀರೆಯಿಂದ ಹೊಲಿದದ್ದು, ದಡಿಯಲ್ಲಿ ಐದು ಕೆಂಪು ಗೆರೆ. ಹಗಲೆಲ್ಲ ಎಣಿಸಿದರೆ ಕೈಗೆ ಚಟ ಬೀಳುತ್ತದೆ, ಚಟ ಬಿದ್ದದ್ದು ಕನಸಿನೊಳಗೂ ಬರುತ್ತದೆ, ಲಾಳಿ ಬಂದ ಹಾಗೆ. ಇದು ಆಯಿಯ ಲೆಕ್ಕ. ನಾನು ಎಣಿಸಿದೆ. ಅಂಗಡಿಗೆ ಹೋದರೆ ಅಂಗಡಿಯ ಮೆಟ್ಟಿಲಲ್ಲಿ, ನೀಲವ್ವನ ಮನೆಗೆ ಹೋದರೆ ಅವಳ ಬಾಗಿಲಲ್ಲಿ. ಗಿರಿಜಕ್ಕ ಹಿಂದಿನಿಂದ ದೂಡುತ್ತಿದ್ದಳು.

"ನಡೀಬೇ ಜಲ್ದಿ. ಮದಿವಿ ಹೆಣ್ಣಿನಂಗ ಹೊಸ್ತಲಕ್ಕೊಮ್ಮೆ ನಿಂತ್ರ ಯಾವಾಗ ಮುಟ್ಟೂದು?"

ನನ್ನ ಮೊಮ್ಮಗಳು ಈಗ ಇದನ್ನೇ ಫೋನಿನಲ್ಲಿ ನೋಡಿ ಕಲಿಯುತ್ತಿದ್ದಾಳೆ. ಬೆರಳು ಎಣಿಸುತ್ತಾಳೆ, ತಲೆದಿಂಬಿನ ಪಕ್ಕ ವಹಿ ಇಟ್ಟುಕೊಂಡಿದ್ದಾಳೆ. ಹತ್ತು ದಿನವಾದರೂ ಏನೂ ಆಗಲಿಲ್ಲ ಅಂತ ಮೊನ್ನೆ ಗೊಣಗಿದಳು. ಹತ್ತು ದಿನದಲ್ಲಿ ಆಗುವುದಿಲ್ಲ. ನನಗೆ ಮೊದಲ ಸಲ ಕನಸಿನಲ್ಲಿ ಎಣಿಸುವ ನೆನಪು ಬಂದದ್ದೇ ಮೂರನೇ ವಾರ. ಬಂದಾಗ ಏನಾಯಿತು? ಗೆರೆ ಹನ್ನೊಂದು ಇದ್ದವು. ನಾನು ಅವನ್ನು ನೋಡಿ, ಓ, ಅವ್ವ ಹೊಸ ಪರಕಾರ ಹೊಲಿಸಿದ್ದಾಳೆ ಎಂದು ಹಿಗ್ಗಿ, ತೆರೆದ ಬಾಗಿಲು ದಾಟಿ, ಬಚ್ಚಲಿಗೆ ಹೋಗಿ ಕೂತೆ. ಕನಸಿನಲ್ಲಿ ಎಣಿಸಲು ಬರುತ್ತದೆ; ಅನುಮಾನ ಪಡಲು ಬರುವುದಿಲ್ಲ. ಆ ಬೆಳಿಗ್ಗೆ ಆಯಿ ಮಾತ್ರ ಕೌದಿ ಹಿಂಡುತ್ತಲೇ ಖುಷಿಪಟ್ಟಳು. ಎಣಿಸಿದೆಯಲ್ಲ, ಅರ್ಧ ದಾರಿ ಬಂತು ಅಂದಳು.

ಉಳಿದರ್ಧಕ್ಕೆ ಮುಂಚೆ ನನ್ನಿಂದ ಒಂದು ದೊಡ್ಡ ತಪ್ಪಾಯಿತು. ನಮ್ಮ ಓಣಿಯ ನಳಕ್ಕೆ ಬೇಸಿಗೆಯಲ್ಲಿ ನೀರು ಎಂಟು ಹತ್ತು ದಿನಕ್ಕೊಮ್ಮೆ ಬರುತ್ತಿತ್ತು, ಅದೂ ಬೆಳಕು ಹರಿಯುವ ಮುಂಚೆ. ಮೊದಲು ನಳ ಉಸಿರು ಬಿಟ್ಟಂತೆ ಸದ್ದು ಮಾಡುತ್ತದೆ, ಆಮೇಲೆ ಕೆಮ್ಮುತ್ತದೆ, ಆಮೇಲೆ ನೀರು. ಆ ಸದ್ದು ಮೊದಲು ಕೇಳುತ್ತಿದ್ದದ್ದು ನನಗೆ. ಹಾಗಾಗಿ ಎಲ್ಲರನ್ನೂ ಎಬ್ಬಿಸುವ ಕೆಲಸ ನನ್ನದು. ಮನೆಯಲ್ಲಿ ನನಗಿದ್ದ ಮರ್ಯಾದೆಯೂ ಅದೊಂದೇ. ಒಂದು ದಿನ ನಸುಕಿನಲ್ಲಿ ಆ ಸದ್ದು ಕೇಳಿತು. ನನ್ನ ಕನಸುಗಳಲ್ಲಿ ನೀರು ಬಾರದ ದಿನವೇ ಇರಲಿಲ್ಲ. ಮಲಗಿದಲ್ಲೇ ಪರಕಾರದ ಅಂಚು ಕಣ್ಣ ಹತ್ತಿರ ತಂದು ಮಬ್ಬಿನಲ್ಲಿ ಎಣಿಸಿದೆ. ಆರು ಕಂಡವು. ಸಿಕ್ಕಿತು, ಇದು ಕನಸು, ಈ ಸಲ ನಾನು ಮೋಸ ಹೋಗುವುದಿಲ್ಲ ಅಂದುಕೊಂಡೆ. ಓಣಿಯಲ್ಲಿ ಕೊಡಗಳ ಸದ್ದು ಕೇಳುತ್ತ, ಕನಸಿನ ಮಂದಿ ಎಷ್ಟು ಬೇಕೋ ಅಷ್ಟು ತುಂಬಿಕೊಳ್ಳಲಿ ಎಂದು ಕೌದಿ ಹೊದ್ದು, ಗೆದ್ದವಳ ಹಾಗೆ ಮಲಗಿದೆ.

ಬೆಳಗಾದಾಗ ಓಣಿಯ ಎಲ್ಲರ ಮನೆಯ ಮುಂದೆ ನೆಲ ಒದ್ದೆ ಇತ್ತು, ನಮ್ಮ ಮನೆಯ ಮುಂದೆ ಒಣಗಿತ್ತು. ಅಪ್ಪ ಅಂದು ನೂಲಿಗೆ ಗಂಜಿ ಹಾಕಬೇಕಿತ್ತು. ಖಾಲಿ ಹಂಡೆಯೊಳಗೆ ಒಮ್ಮೆ ನೋಡಿ ಮಗ್ಗದ ಕೋಣೆಗೆ ಹೋದ. ಅಂದು ಲಾಳಿಯ ಸದ್ದೇ ಇಲ್ಲ, ಮನೆಯ ಯಾವ ಕೆಲಸಕ್ಕೂ ಹೊತ್ತು ತಿಳಿಯಲಿಲ್ಲ. ಅವ್ವ ನನ್ನನ್ನೂ ಬಿಡಲಿಲ್ಲ, ತನ್ನ ಅತ್ತೆ ಆಯಿಯನ್ನೂ ಬಿಡಲಿಲ್ಲ.

"ಹಾಸಿಗ್ಯಾಗ ನೀರ ಹರಸೂದು ಸಾಲಲಿಲ್ಲಂತ ಮನಿ ನೀರೂ ಕಳದ್ಯಾ? ಅತ್ತೀ, ನೀವ ಕೆಡಿಸಿದ್ರಿ ಆಕೀನ. ಕನಸಂತ ಕನಸು."

"ಕೆಡಿಸಿದ್ದು ನಾ ಹೌದು, ತಿದ್ದೂದೂ ನಾನ" ಎಂದಳು ಆಯಿ. ಆಮೇಲೆ ನನಗೆ ಹೇಳಿದಳು: "ಎಷ್ಟು ಸಲ ಎಣಿಸಿದಿ?"

"ಒಂದು ಸಲ."

"ಒಂದು ಸಲ ಎಣಿಸಿದ್ದು ಎಣಿಕಿ ಅಲ್ಲವ್ವ. ಕತ್ತಲ್ಯಾಗ ಯಾರಿಗೂ ತಪ್ಪತೈತಿ. ಇನ್ನೊಂದು ಸಲ ನೋಡಬೇಕು ಅಂತ ಅನಸ್ತದಲ್ಲ, ಅಲ್ಲೇ ಇರೂದು ಎಚ್ಚರ. ಹೋಗು, ಬಾವಿಗಿ ಹೋಗು. ಗಿರಿಜಾನೂ ಬರ್ತಾಳ."

ಮುಂದಿನ ಎಂಟು ದಿನ ನಾನೂ ಗಿರಿಜಕ್ಕನೂ ಊರಾಚೆಯ ಬಾವಿಯಿಂದ ನೀರು ಹೊತ್ತೆವು. ತಪ್ಪು ಮಾಡದ ಗಿರಿಜಕ್ಕ ನನ್ನ ಜೊತೆ ಹೊತ್ತದ್ದು ನನಗೆ ಕೊಡಕ್ಕಿಂತ ಭಾರವಾಗಿತ್ತು. ಅವಳು ದಾರಿಯಲ್ಲಿ ಬೈಯುತ್ತಲೇ ಬಂದಳು, ಆದರೆ ಬಾವಿಯ ಕಟ್ಟೆಯ ಮೇಲೆ ಕೊಡ ಇಟ್ಟು, ಎಣಿಸಿಕೋ, ಆಮೇಲೆ ನನ್ನ ಮೇಲೆ ಹಾಕಬೇಡ ಎಂದು ತಾನೇ ನೆನಪು ಮಾಡುತ್ತಿದ್ದಳು.

ಒಂಬತ್ತನೇ ದಿನ ನಸುಕಿನಲ್ಲಿ ನಳ ಉಸಿರು ಬಿಟ್ಟಿತು. ಐದು. ಮತ್ತೆ ಐದು. ಎಲ್ಲರನ್ನೂ ಎಬ್ಬಿಸಿದೆ. ಹಂಡೆ, ಕೊಡ, ತಪ್ಪಲೆ, ಕೊನೆಗೆ ರೊಟ್ಟಿ ಬಡಿಯುವ ಕಟ್ಟಿಗೆಯ ತಟ್ಟೆ ಕೊಣ್ಣಿಗೆಯನ್ನೂ ಬಿಡದೆ ತುಂಬಿಸಿದೆವು. ಇನ್ನೂ ಕತ್ತಲಿತ್ತು, ಅಪ್ಪ, ಒಂದು ತಾಸು ಮಲಗ್ರಿ ಅಂದ. ಹೀಗೆ ಎದ್ದು ಮತ್ತೆ ಮಲಗಿದ ನಿದ್ದೆಯಲ್ಲೇ ಒಳ್ಳೆಯ ಕನಸು ಬೀಳುತ್ತದೆ. ಇದು ನಮಗೆ ನಳ ಕಲಿಸಿದ್ದು, ಮೊಮ್ಮಗಳಿಗೆ ಫೋನು ಕಲಿಸಿದ್ದು. ನಾನು ಅಡುಗೆಮನೆಯಲ್ಲಿದ್ದೆ. ಹಿತ್ತಲ ಬಾಗಿಲು ತೆರೆದಿತ್ತು, ಆಚೆ ಒಳ್ಳೆಯ ಬಿಸಿಲು. ಹೊಸ್ತಿಲ ಮೇಲೆ ಕಾಲು ತಾನೇ ನಿಂತಿತು. ಎಣಿಸಿದೆ: ಐದು. ಬಾಗಿಲ ಕಡೆ ನೋಡಿದೆ. ಎಣಿಸಿದೆ: ಒಂಬತ್ತು. ಗೆರೆಗಳು ನೀರಿನಲ್ಲಿ ಬಿಟ್ಟ ನೂಲಿನಂತೆ ಅಲ್ಲಾಡುತ್ತಿದ್ದವು. ಅಗಳಿ ಎಲ್ಲಿ ಎಂದು ಕೇಳಿಕೊಂಡೆ. ಬಿಸಿಲು, ಗೋಡೆ, ಬಚ್ಚಲು ಎಲ್ಲ ಎಂದಿಗಿಂತ ಸ್ಪಷ್ಟವಾಗಿ ನಿಂತಿದ್ದವು, ಮತ್ತು ಅವು ಯಾವುವೂ ಅಲ್ಲಿರಲಿಲ್ಲ. ಎದೆ ಹಾರಿತು, ಆ ರಭಸಕ್ಕೆ ಎಚ್ಚರವಾಯಿತು. ಕತ್ತಲು. ಕೌದಿಯ ಮೇಲೆ ಕೈಯಾಡಿಸಿದೆ. ಒಣಗಿತ್ತು. ಎದ್ದು ಹೋಗಿ ಎರಡೂ ಕೈಯಿಂದ ಅಗಳಿ ತೆಗೆದೆ. ಅದರ ಭಾರಕ್ಕೆ ಮೊಣಕೈ ಬಾಗಿತು. ಆ ಭಾರ ನನಗೆ ಬೆಲ್ಲದ ಹಾಗೆ ಇತ್ತು.

ಬೆಳಿಗ್ಗೆ ಅವ್ವ ರೂಢಿಯಂತೆ ನನ್ನ ಕೌದಿಯ ನಡುವೆ ಅಂಗೈ ಒತ್ತಿದಳು. ಇನ್ನೊಂದು ಕಡೆ ಒತ್ತಿದಳು. ಅದನ್ನು ಮೂಲೆಗೆ ಮೂಲೆ ಕೂಡಿಸಿ, ಗಿರಿಜಕ್ಕನದರ ಮೇಲೆ, ಆಯಿಯದರ ಕೆಳಗೆ ಇಟ್ಟಳು.

ದಾರಿ ಅಲ್ಲಿಂದ ನೇರವಾಯಿತು ಅಂತ ಹೇಳಿದರೆ ಸುಳ್ಳು. ನಾಲ್ಕನೇ ರಾತ್ರಿ ನಾನು ಕನಸಿನಲ್ಲಿ ಎಣಿಸಿದೆ, ಗುರುತಿಸಿದೆ, ಎಚ್ಚರಾದೆ, ಎದ್ದು ಅಗಳಿ ತೆಗೆದು ಬಚ್ಚಲಿಗೆ ಹೋಗಿ ಕೂತೆ, ಮತ್ತು ಆ ಎಚ್ಚರವೂ ಕನಸೇ ಆಗಿತ್ತು. ಅಗಳಿ ಗರಿಯಷ್ಟು ಹಗುರವಿದ್ದದ್ದನ್ನು ನಾನು ಗಮನಿಸಬೇಕಿತ್ತು. ಲೆಕ್ಕ ಮತ್ತೆ ಒಂದರಿಂದ. ಆಯಿ ಮೂರನೇ ನಿಯಮ ಕೂಡಿಸಿದಳು: ಎಚ್ಚರಾದ ಮೇಲೂ ಎಣಿಸು, ಬಚ್ಚಲಲ್ಲಿ ಕೂಡುವ ಮೊದಲು ಎಣಿಸು. ಹಿಗ್ಗಬೇಡ, ಹಿಗ್ಗಿದರೆ ಕನಸು ನೂಲಿನಂತೆ ಕಡಿದುಹೋಗುತ್ತದೆ. ಕನಸಿನೊಳಗೆ ಉಳಿಯಬೇಕೆಂದರೆ ರೊಟ್ಟಿ ಬಡಿಯುವ ಮೊದಲು ತಿಕ್ಕುವ ಹಾಗೆ ಅಂಗೈ ತಿಕ್ಕು. ಒಮ್ಮೆ ಹಾಗೆ ಮಾಡಿ ಉಳಿದೆ. ಕನಸಿನ ಓಣಿಗೆ ಹೋಗಿ ನಳ ತಿರುಗಿಸಿದೆ. ಯಾರೂ ಸಾಲಿನಲ್ಲಿ ಇರಲಿಲ್ಲ. ನೀರು ನನ್ನ ಕಾಲ ಮೇಲಿಂದ ಹರಿದು, ನೀಲವ್ವನ ಮನೆ ದಾಟಿ, ಕಾಣುವಷ್ಟು ದೂರ ಹೋಯಿತು. ಬೆಳಿಗ್ಗೆ ಕೌದಿ ಒಣಗಿತ್ತು.

ಅತ್ತಿ ಹೇಳಿದ್ದಕ್ಕಿಂತ ಮುಂಚೆಯೇ ಬಂದಳು. ಅಂದು ಸಾಲಾಗಿ ಹನ್ನೊಂದನೇ ದಿನ. ಅವ್ವ ಒಗ್ಗರಣೆ ಮಂಡಕ್ಕಿ ಮಾಡಿ, ಮಿರ್ಚಿ ಕರಿದು, ಅತ್ತಿಯ ಮುಂದೆ ತಾಟು ಇಟ್ಟಳು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದೆ. ದಡಿ ಎಣಿಸುವ ಧೈರ್ಯವಿರಲಿಲ್ಲ; ಐದೇ ಇರುತ್ತವೆ, ಅವ್ವ ಬೇಡ ಅಂದರೆ ಅದು ಕನಸಾಗದು ಎಂದು ಗೊತ್ತಿತ್ತು. ಅವ್ವ ಒಲೆಯ ಕಡೆ ಮುಖ ಮಾಡಿಯೇ ಹೇಳಿದಳು:

"ಆಕಿ ಅರಿವಿ ಗಂಟ ಕಟ್ಟೀನಿ. ಹಾಸಿಗಿ ರಾಶಿ ಮ್ಯಾಲ ಐತಿ." ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ: "ಉಳದ ನಾಕ ದಿನ ಅಲ್ಲೇ ಎಣಿಸು."

ಶಿರಹಟ್ಟಿಯ ಮೇಲೆ ಹೋಗುವ ಬಸ್ಸು ಹತ್ತಿದೆವು. ಲಕ್ಷ್ಮೇಶ್ವರದಲ್ಲಿ ಅತ್ತಿಯ ಮನೆ ಎರಡೇ ಕೋಣೆ. ನನಗೆ ಹಾಸಿಗೆ ಅವಳೇ ಹಾಸಿದಳು. ಅದರ ಮೇಲೆ ಮಲಗಿದಾಗ ಕೌದಿಯ ಕೆಳಗೆ ಏನೋ ಒರಟಾಗಿ ಸರಸರ ಅಂದಿತು. ದಣಿವಿಗೆ ಅದೇನೆಂದು ನೋಡಲಿಲ್ಲ. ಕನಸಿನಲ್ಲಿ ಬೆಟಗೇರಿಯ ಮನೆ. ಹಿತ್ತಲ ಬಾಗಿಲು ತೆರೆದಿತ್ತು, ಹೊಸ್ತಿಲ ಪಕ್ಕ ಆಯಿ ಕಾಲು ಚಾಚಿ ಕೂತಿದ್ದಳು. ಐದು ಎಣಿಸಿದೆ, ಆಯಿಯ ಮುಖ ನೋಡಿದೆ, ಮತ್ತೆ ಎಣಿಸಿದರೆ ಹನ್ನೆರಡು. ಹೋಗಬೇಕು ಅಂದೆ. ಕುಂಡ್ರವ್ವ, ರೊಟ್ಟಿ ತಿಂದು ಹೋಗು ಅಂದಳು. ಅಂಗೈ ತಿಕ್ಕಿದ್ದರೆ ಬೇಕಾದಷ್ಟು ಹೊತ್ತು ಅವಳ ಹತ್ತಿರ ಕೂಡಬಹುದಿತ್ತು. ಆದರೆ ಖರೆ ಆಯಿ ಆಗಿದ್ದರೆ ಏಳು ಅನ್ನುತ್ತಿದ್ದಳು. ಎದ್ದೆ. ಕತ್ತಲಲ್ಲಿ ಗುರುತಿಲ್ಲದ ಗೋಡೆ. ಇಲ್ಲಿ ಅಗಳಿ ಇಲ್ಲ, ಕಬ್ಬಿಣದ ಚಿಲಕ, ಅದೂ ನನ್ನ ತಲೆಯ ಮೇಲೆ. ತುದಿಗಾಲಲ್ಲಿ ನಿಂತು ತೆಗೆದೆ, ಬೆರಳು ಚುರುಗುಟ್ಟಿತು. ಹಿತ್ತಲಿಗೆ ಬಂದು ಬೆಳದಿಂಗಳಿಗೆ ಪರಕಾರದ ಅಂಚು ಹಿಡಿದೆ. ಐದು. ಗೋಡೆ ನೋಡಿದೆ. ಐದು. ಆಮೇಲೆ ಕೂತೆ.

ಹಾಗೆ ನಾಲ್ಕು ದಿನ ಎಣಿಸಿದೆ. ಐದನೇ ಬೆಳಿಗ್ಗೆ ನಾನು ಕೌದಿ ಮಡಚುತ್ತಿದ್ದಾಗ ಅತ್ತಿ ಬಂದು, ಅದರ ಕೆಳಗೆ ಹಾಸಿದ್ದ ಗೋಣಿತಟ್ಟನ್ನು ಎಳೆದುಕೊಂಡಳು. ಒದ್ದೆ ಹೀರಲೆಂದು ಎರಡು ಪದರು ಮಾಡಿ ಒತ್ತಾಗಿ ಹೊಲಿದದ್ದು. ಈಗ ಹೊಲಿದದ್ದಲ್ಲ, ದಾರದ ಬಣ್ಣ ಮಾಸಿತ್ತು. ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದಾಗಲೇ ಅವಳು ಹಿತ್ತಲಿನ ಹಗ್ಗ ನೋಡಿದ್ದಳು. ಆಮೇಲೆಯೇ ನನ್ನನ್ನು ಕಳಿಸು ಎಂದು ಕೇಳಿದ್ದಳು. ನಾನು ತಲೆ ಎತ್ತಲಿಲ್ಲ.

"ಇದು ಇನ್ನ ಇಲ್ಲಿ ಬ್ಯಾಡ" ಎಂದಳು ಅತ್ತಿ. "ಹೊಸ್ತಲಕ್ಕ ಹಾಸು, ಕಾಲ ಒರಸಾಕ ಆಗತೈತಿ."

ಒಯ್ದು ಹೊಸ್ತಿಲಿಗೆ ಹಾಸಿದೆ. ನಾಲ್ಕು ಮೂಲೆ ಸರಿ ಮಾಡಿದೆ. ಪಾಟಿಚೀಲ ಹೆಗಲಿಗೆ ಹಾಕಿಕೊಂಡು, ಅದರ ಮೇಲೆ ಎರಡೂ ಕಾಲು ಊರಿ, ದಡಿಯನ್ನು ಎರಡು ಸಲ ಎಣಿಸಿ, ಶಾಲೆಗೆ ಹೋದೆ.